ಸಮಾಧಿಯಿಲ್ಲದ ನೂರ್: ಫ್ರಾನ್ಸಿನ ಗ್ರಾಮಾಂತರದಲ್ಲಿ ಟಿಪ್ಪು ವಂಶದ ಹೆಣ್ಣುಮಗಳ ಹೆಸರು

ಫ್ರಾನ್ಸಿನ ಯುದ್ಧಸ್ಮಾರಕಗಳ ದರ್ಶನಕ್ಕೆ ಹೊರಡುವ ಭಾರತೀಯರು ಸಾಮಾನ್ಯವಾಗಿ ಆ ದೇಶದ ಉತ್ತರ ಭಾಗದಲ್ಲಿರುವ ನ್ಯೂವ್ ಶಪೆಲ್ ಗ್ರಾಮದತ್ತ ಮುಖ ಮಾಡುತ್ತಾರೆ. ಮೊದಲನೆಯ ಮಹಾಯುದ್ಧದಲ್ಲಿ ಮಡಿದು, ಸಮಾಧಿಯ ಗುರುತೂ ಇಲ್ಲದೆ ಹೋದ 4,700ಕ್ಕೂ ಹೆಚ್ಚು ಭಾರತೀಯ ಯೋಧರ ಹೆಸರುಗಳನ್ನು 1927ರಲ್ಲಿ ಉದ್ಘಾಟನೆಗೊಂಡ ಅಲ್ಲಿನ ಸ್ಮಾರಕದಲ್ಲಿ ಕೆತ್ತಲಾಗಿದೆ. ಆದರೆ ಅಲ್ಲಿಂದ ಬಹುದೂರ ದಕ್ಷಿಣಕ್ಕೆ, ಮಧ್ಯ ಫ್ರಾನ್ಸಿನ ವಲಾಂಸೆ ಎಂಬ ಪುಟ್ಟ ಊರಿನಲ್ಲೂ ಒಂದು ಭಾರತೀಯ ಹೆಸರಿದೆ. ಅದು ಎರಡನೆಯ ಮಹಾಯುದ್ಧಕ್ಕೆ ಸೇರಿದ್ದು. ಆ ಹೆಸರು ಒಬ್ಬ ಹೆಣ್ಣುಮಗಳದು. ಅದರ ಒಂದು ಎಳೆ ನಮ್ಮ ಶ್ರೀರಂಗಪಟ್ಟಣದವರೆಗೂ ಚಾಚಿದೆ.

ವಲಾಂಸೆಗೆ ಪ್ರವಾಸಿಗರು ಬರುವುದು ಮುಖ್ಯವಾಗಿ ಅಲ್ಲಿನ ಅರಮನೆಗಾಗಿ. ನೆಪೋಲಿಯನ್ನನ ವಿದೇಶಾಂಗ ಮಂತ್ರಿ ತಾಲೆರಾಂ ವಾಸವಾಗಿದ್ದ ಸೌಧವದು. ಎರಡನೆಯ ಮಹಾಯುದ್ಧ ಕಾಲದಲ್ಲಿ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದ ಅಮೂಲ್ಯ ಶಿಲ್ಪಗಳನ್ನು ಸುರಕ್ಷತೆಗಾಗಿ ಇಲ್ಲಿಗೇ ಸಾಗಿಸಲಾಗಿತ್ತು. ಇದೇ ಊರಿನಲ್ಲಿ, ಒಂದು ಕಪ್ಪು ಮತ್ತೊಂದು ಬಿಳುಪು ಬಣ್ಣದ ಎರಡು ಎತ್ತರದ ಕಂಬಗಳ ನಡುವೆ ಚಂದ್ರಬಿಂಬವನ್ನು ಹಿಡಿದಿಟ್ಟ ಸ್ಮಾರಕವೊಂದು ನಿಂತಿದೆ. ಬ್ರಿಟನ್ನಿನ ಗುಪ್ತ ಸಂಸ್ಥೆ ಎಸ್‌ಒಇ ತನ್ನ ಮೊದಲ ಪ್ರತಿನಿಧಿಯನ್ನು 1941ರ ಮೇ ತಿಂಗಳಿನಲ್ಲಿ ಪ್ಯಾರಾಚೂಟ್ ಮೂಲಕ ಇಳಿಸಿದ್ದು ಈ ಊರಿನ ಸಮೀಪದಲ್ಲೇ. ಅದರ 50ನೇ ವರ್ಷಾಚರಣೆಯಂದು, 1991ರ ಮೇ 6ರಂದು ಸ್ಮಾರಕ ಅನಾವರಣಗೊಂಡಿತು. ಫ್ರಾನ್ಸಿನ ಬಿಡುಗಡೆಗಾಗಿ ದುಡಿದು ಪ್ರಾಣತೆತ್ತ ಆ ಸಂಸ್ಥೆಯ 104 ಮಂದಿಯ ಹೆಸರುಗಳು ಅಲ್ಲಿವೆ. ಅವರಲ್ಲಿ 13 ಮಂದಿ ಮಹಿಳೆಯರು. ಆ ಹದಿಮೂವರಲ್ಲಿ ಒಬ್ಬಳು ನೂರ್ ಇನಾಯತ್ ಖಾನ್.

ಚಂದ್ರಬಿಂಬಕ್ಕೆ ಅರ್ಥವಿದೆ. ಗುಪ್ತ ವಿಮಾನಗಳು ದೀಪವಿಲ್ಲದ ಹೊಲಗಳನ್ನು ಗುರುತಿಸಿ ಇಳಿಯಬೇಕಾದರೆ ಬೆಳದಿಂಗಳು ಬೇಕಿತ್ತು. ನೂರ್ ಫ್ರಾನ್ಸಿಗೆ ಬಂದದ್ದೂ ಅಂತಹ ಬೆಳದಿಂಗಳಿನಲ್ಲೇ.

ವೀಣೆಯ ಮನೆತನ

ನೂರ್ ಜನಿಸಿದ್ದು 1914ರ ಜನವರಿಯಲ್ಲಿ, ರಷ್ಯಾದ ಮಾಸ್ಕೋ ನಗರದಲ್ಲಿ. ತಂದೆ ಹಜರತ್ ಇನಾಯತ್ ಖಾನ್ ಬರೋಡಾದ ಸಂಗೀತಗಾರರು. 1910ರಲ್ಲಿ ಪಾಶ್ಚಾತ್ಯ ದೇಶಗಳಿಗೆ ತೆರಳಿ ಸೂಫಿ ತತ್ತ್ವವನ್ನು ಪ್ರಚುರಪಡಿಸಿದವರು. ತಾಯಿ ಓರಾ ರೇ ಬೇಕರ್ ಅಮೆರಿಕದವರು. ವಿವಾಹಾನಂತರ ಅಮೀನಾ ಬೇಗಂ ಎನಿಸಿಕೊಂಡರು. ಇನಾಯತ್ ಖಾನರ ಮಾತಾಮಹ ಮೌಲಾ ಬಕ್ಷ್ ಮೈಸೂರು ಆಸ್ಥಾನದಲ್ಲಿ ಮನ್ನಣೆ ಗಳಿಸಿ, ಮುಂದೆ ಬರೋಡಾದಲ್ಲಿ ಸಂಗೀತ ಶಾಲೆಯನ್ನು ಸ್ಥಾಪಿಸಿದ ವಿದ್ವಾಂಸರು. ಅವರ ಕೈಹಿಡಿದವಳು ಟಿಪ್ಪು ಸುಲ್ತಾನನ ಮೊಮ್ಮಗಳೆಂಬುದು ಆ ಮನೆತನದಲ್ಲಿ ತಲೆಮಾರುಗಳಿಂದ ನಡೆದುಬಂದ ನಂಬಿಕೆ. 1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡ ಬಳಿಕ ಟಿಪ್ಪುವಿನ ಸಂತತಿ ವೆಲ್ಲೂರಿಗೂ, ಅಲ್ಲಿಂದ ಕಲ್ಕತ್ತೆಗೂ ಚದುರಿಹೋದದ್ದು ಇತಿಹಾಸ. ಬ್ರಿಟಿಷರೊಡನೆ ಕಾದಾಡಿ ಮಡಿದ ಅರಸನ ವಂಶದವಳೊಬ್ಬಳು ಬ್ರಿಟಿಷ್ ಸಮವಸ್ತ್ರ ತೊಟ್ಟದ್ದು ಇತಿಹಾಸದ ವೈಚಿತ್ರ್ಯವೇ ಸರಿ.

ಮೊದಲನೆಯ ಮಹಾಯುದ್ಧದ ಹೊತ್ತಿಗೆ ಕುಟುಂಬ ಲಂಡನ್ನಿಗೆ ಬಂತು. 1920ರಲ್ಲಿ ಫ್ರಾನ್ಸಿಗೆ ತೆರಳಿತು. ಪ್ಯಾರಿಸ್ ಹೊರವಲಯದ ಸ್ಯುರೆನ್ ಎಂಬಲ್ಲಿ ಶಿಷ್ಯರೊಬ್ಬರು ಕೊಡಿಸಿದ ಮನೆಗೆ ಫಜಲ್ ಮಂಜಿಲ್ ಎಂಬ ಹೆಸರಾಯಿತು. ನೂರ್ ಮತ್ತು ಆಕೆಯ ಮೂವರು ಒಡಹುಟ್ಟಿದವರು ಬೆಳೆದದ್ದು ಅಲ್ಲಿಯೇ. 1927ರಲ್ಲಿ ಭಾರತ ಪ್ರವಾಸದಲ್ಲಿದ್ದ ತಂದೆ ದೆಹಲಿಯಲ್ಲಿ ತೀರಿಕೊಂಡರು. ತಾಯಿ ದುಃಖದಿಂದ ಕುಸಿದುಹೋದರು. ಹದಿಮೂರು ವರ್ಷದ ನೂರ್ ಮನೆಯ ಹೊಣೆ ಹೊತ್ತಳು. ತಮ್ಮಂದಿರಿಗೂ ತಂಗಿಗೂ ತಾಯಿಯಾದಳು.

ಮುಂದೆ ಆಕೆ ಸೋರ್ಬಾನ್ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಮನಶ್ಶಾಸ್ತ್ರವನ್ನೂ, ಪ್ರಸಿದ್ಧ ಗುರು ನಾದಿಯಾ ಬುಲಾಂಜೆಯವರಲ್ಲಿ ಸಂಗೀತವನ್ನೂ ಅಭ್ಯಾಸ ಮಾಡಿದಳು. ಹಾರ್ಪ್ ಆಕೆಯ ನೆಚ್ಚಿನ ವಾದ್ಯ. ಪತ್ರಿಕೆಗಳಿಗೆ, ಪ್ಯಾರಿಸ್ ಬಾನುಲಿಗೆ ಮಕ್ಕಳ ಕಥೆಗಳನ್ನು ಬರೆದಳು. ಬುದ್ಧನ ಪೂರ್ವಜನ್ಮದ ಕಥೆಗಳಿಂದ ಇಪ್ಪತ್ತನ್ನು ಆಯ್ದು ಮಕ್ಕಳಿಗಾಗಿ ನಿರೂಪಿಸಿದ ಜಾತಕ ಕಥೆಗಳ ಪುಸ್ತಕ 1939ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಪರರಿಗಾಗಿ ತನ್ನನ್ನೇ ಅರ್ಪಿಸಿಕೊಳ್ಳುವ ಜೀವಿಗಳ ಕಥೆಗಳವು. ಅದೇ ವರ್ಷ ಯುದ್ಧ ಆರಂಭವಾಯಿತು.

ಅಹಿಂಸೆಯ ಮಗಳು ಯುದ್ಧಕ್ಕೆ

1940ರ ಜೂನ್ ತಿಂಗಳಿನಲ್ಲಿ ಜರ್ಮನ್ ಸೇನೆ ಪ್ಯಾರಿಸ್ ಪ್ರವೇಶಿಸಿದಾಗ ಕುಟುಂಬ ಬೋರ್ಡೋ ಮಾರ್ಗವಾಗಿ ಇಂಗ್ಲೆಂಡ್ ಸೇರಿತು. ಅಹಿಂಸೆಯನ್ನು ಉಸಿರಾಗಿಸಿಕೊಂಡಿದ್ದ ನೂರ್ ಮತ್ತು ತಮ್ಮ ವಿಲಾಯತ್ ಎದುರು ಕಠಿಣ ಪ್ರಶ್ನೆಯೊಂದು ನಿಂತಿತ್ತು. ಇತರರು ಹೋರಾಡುತ್ತಿರುವಾಗ ತಾವು ಕೈಕಟ್ಟಿ ಕೂಡುವುದು ಧರ್ಮವೇ? ಕೊಲ್ಲದೆಯೇ ಅತ್ಯಂತ ಅಪಾಯದ ಕೆಲಸವನ್ನು ಕೈಗೊಳ್ಳುವುದೆಂದು ಅವರು ನಿಶ್ಚಯಿಸಿದರು. ಅದೇ ನವೆಂಬರ್‌ನಲ್ಲಿ ನೂರ್ ವಾಯುಪಡೆಯ ಮಹಿಳಾ ಸಹಾಯಕ ದಳಕ್ಕೆ ಸೇರಿ ನಿಸ್ತಂತು ಸಂದೇಶ ರವಾನೆಯ ತರಬೇತಿ ಪಡೆದಳು. ಅಧಿಕಾರಿ ಹುದ್ದೆಯ ಸಂದರ್ಶನದಲ್ಲಿ, ಯುದ್ಧ ಮುಗಿದ ಮೇಲೆ ಭಾರತದ ಸ್ವಾತಂತ್ರ್ಯಕ್ಕೆ ಬೆಂಬಲ ನೀಡುವುದಾಗಿ ಸಂಕೋಚವಿಲ್ಲದೆ ಹೇಳಿದಳು.

ಫ್ರೆಂಚ್ ಭಾಷೆಯನ್ನು ಮಾತೃಭಾಷೆಯಂತೆ ಬಲ್ಲ ನಿಸ್ತಂತು ಪರಿಣತರು ಎಸ್‌ಒಇಗೆ ತುರ್ತಾಗಿ ಬೇಕಾಗಿದ್ದರು. 1943ರ ಫೆಬ್ರುವರಿಯಲ್ಲಿ ನೂರ್ ಆ ಸಂಸ್ಥೆಗೆ ಸೇರಿದಳು. ತರಬೇತುದಾರರಲ್ಲಿ ಒಮ್ಮತವಿರಲಿಲ್ಲ. ಆಕೆ ಮೃದು, ಭಾವುಕಳು, ಸುಳ್ಳಾಡಲು ಬಾರದವಳು; ಗೂಢಚರ್ಯೆಗೆ ತಕ್ಕವಳಲ್ಲವೆಂದು ಕೆಲವರು ವರದಿ ಬರೆದರು. ಫ್ರೆಂಚ್ ವಿಭಾಗದ ಮುಖ್ಯಸ್ಥ ಮಾರಿಸ್ ಬಕ್‌ಮಾಸ್ಟರ್ ಆ ವರದಿಗಳನ್ನು ಬದಿಗಿಟ್ಟರು. ಸುಳ್ಳಾಡಲು ಬಾರದ ಆ ಮಗಳು, ತಾನು ಆಫ್ರಿಕಾಕ್ಕೆ ಹೋಗುತ್ತಿರುವೆನೆಂದು ತಾಯಿಗೆ ಹೇಳಿ ಹೊರಟಳು.

1943ರ ಜೂನ್ 16ರ ರಾತ್ರಿ ಇಂಗ್ಲೆಂಡಿನ ಟ್ಯಾಂಗ್ಮೀರ್ ನೆಲೆಯಿಂದ ಹಾರಿದ ಪುಟ್ಟ ಲೈಸ್ಯಾಂಡರ್ ವಿಮಾನಗಳು ಪಶ್ಚಿಮ ಫ್ರಾನ್ಸಿನ ಆಂಜೆ ನಗರದ ಉತ್ತರಕ್ಕಿರುವ ವ್ಯೂ ಬ್ರಿಯೊಲೆ ಬಳಿಯ ಹುಲ್ಲುಗಾವಲಿನಲ್ಲಿ ಇಳಿದವು. ನೂರ್ ಜೊತೆಗೆ ಡಯಾನಾ ರೌಡೆನ್, ಸೆಸಿಲಿ ಲೆಫೋರ್ ಮತ್ತು ಚಾರ್ಲ್ಸ್ ಸ್ಕೆಪರ್ ಇದ್ದರು. ಆ ಹೊಲದಿಂದ ನಾಲ್ವರೂ ತಂತಮ್ಮ ದಾರಿ ಹಿಡಿದರು. ನಾಲ್ವರಲ್ಲಿ ಒಬ್ಬರೂ ಮರಳಲಿಲ್ಲ.

ಗ್ರಿನ್ಯೋಂ ಕೃಷಿ ಶಾಲೆಯ ಹಸಿರುಮನೆ

ಬ್ರಿಟನ್ನಿನಿಂದ ಫ್ರಾನ್ಸಿಗೆ ಕಳುಹಿಸಲಾದ ಮೊದಲ ಮಹಿಳಾ ನಿಸ್ತಂತು ಪರಿಣತೆ ನೂರ್. ಗುಪ್ತನಾಮ ಮ್ಯಾಡಲೀನ್, ಹೊರಗಿನವರಿಗೆ ಆಕೆ ಮಕ್ಕಳ ದಾದಿ ಜಾನ್ ಮರಿ ರೆನಿಯೆ. ಪ್ಯಾರಿಸ್ಸಿನ ಪಶ್ಚಿಮಕ್ಕಿರುವ ಗ್ರಿನ್ಯೋಂ ಗ್ರಾಮದ ರಾಷ್ಟ್ರೀಯ ಕೃಷಿ ಶಾಲೆಯ ನಿರ್ದೇಶಕ ವಾಂಡರ್‌ವಿಂಕ್ಟ್ ಮತ್ತು ಕೀಟಶಾಸ್ತ್ರಜ್ಞ ಬಲಾಶೋವ್‌ಸ್ಕಿ ಈ ಗುಪ್ತ ಜಾಲದಲ್ಲಿದ್ದರು. ಆಕೆಯ ಆರಂಭದ ಸಂದೇಶಗಳು ಲಂಡನ್ನಿಗೆ ಹೋದದ್ದು ಆ ಶಾಲೆಯ ಹಸಿರುಮನೆಯಿಂದ.

ಆಕೆ ಬಂದು ಹತ್ತು ದಿನ ಕಳೆಯುವಷ್ಟರಲ್ಲಿ ಪ್ರಾಸ್ಪರ್ ಎಂಬ ಹೆಸರಿನ ಆ ಇಡೀ ಜಾಲ ಕುಸಿಯಿತು. ಜೂನ್ 24ರಂದು ಅದರ ನಾಯಕ ಫ್ರಾನ್ಸಿಸ್ ಸಟಿಲ್ ಬಂಧಿತನಾದ. ಜುಲೈ ಆರಂಭದಲ್ಲಿ ಜರ್ಮನ್ನರು ಕೃಷಿ ಶಾಲೆಯ ಮೇಲೂ ದಾಳಿ ನಡೆಸಿದರು. ವಾಂಡರ್‌ವಿಂಕ್ಟ್ ಗಡೀಪಾರಾದರು, ಮರಳಿ ಬರಲಿಲ್ಲ. ಬಲಾಶೋವ್‌ಸ್ಕಿ ಬುಖೆನ್‌ವಾಲ್ಡ್ ಶಿಬಿರದಿಂದ ಬದುಕಿ ಬಂದರು.

ನೂರ್ ಬದುಕಿನ ತಿರುವು ಇಲ್ಲಿದೆ. ಲಂಡನ್ ಆಕೆಯನ್ನು ಹಿಂದಕ್ಕೆ ಕರೆಸಿಕೊಳ್ಳಲು ಸಿದ್ಧವಿತ್ತು. ಆದರೆ ಆಕೆ ಹೊರಟುಹೋದರೆ ಪ್ಯಾರಿಸ್ ವಲಯದಲ್ಲಿ ಉಳಿದ ಸಹಚರರಿಗೆ ಲಂಡನ್ನಿನೊಡನೆ ಸಂಪರ್ಕವೇ ಇರುತ್ತಿರಲಿಲ್ಲ. ನಿಸ್ತಂತು ಪರಿಣತರೊಬ್ಬರು ಸಿಕ್ಕಿಬೀಳದೆ ಸರಾಸರಿ ಆರು ವಾರ ಉಳಿಯಬಹುದೆಂಬ ಲೆಕ್ಕಾಚಾರ ಆಗ ಚಾಲ್ತಿಯಲ್ಲಿತ್ತು. ಇದನ್ನೆಲ್ಲ ತಿಳಿದೂ ಆಕೆ ಉಳಿದಳು. ಸುಮಾರು 15 ಕಿಲೋ ತೂಕದ ಯಂತ್ರವನ್ನು ಸೂಟ್‌ಕೇಸಿನಲ್ಲಿಟ್ಟುಕೊಂಡು, ಕೂದಲಿನ ಬಣ್ಣ ಬದಲಿಸುತ್ತ, ಮನೆಯಿಂದ ಮನೆಗೆ ಅಲೆದಳು. ತನ್ನನ್ನು ಬಾಲ್ಯದಿಂದ ಬಲ್ಲವರಿದ್ದ ಸ್ಯುರೆನ್ನಿನಿಂದಲೂ ಸಂದೇಶ ಕಳುಹಿಸಿದಳು. ಯಂತ್ರದ ಜಾಡು ಹಿಡಿಯುವ ಜರ್ಮನ್ ವಾಹನಗಳು ಬೀದಿ ಬೀದಿ ಸುತ್ತುತ್ತಿದ್ದವು. ಆರು ವಾರವಲ್ಲ, ಸುಮಾರು ನಾಲ್ಕು ತಿಂಗಳು ಹೀಗೆ ಕಳೆಯಿತು.

ಕಡೆಗೆ ಹಿಂದಿರುಗಲು ಒಪ್ಪಿಕೊಂಡ ಹೊತ್ತಿನಲ್ಲೇ, 1943ರ ಅಕ್ಟೋಬರ್ ಮಧ್ಯಭಾಗದಲ್ಲಿ, ಯಾರೋ ಹಣಕ್ಕಾಗಿ ಕೊಟ್ಟ ಸುಳಿವಿನಿಂದ ಆಕೆ ಸೆರೆಸಿಕ್ಕಳು.

ನೋಟ್‌ಬುಕ್ಕಿನ ಬೆಲೆ

ಜರ್ಮನ್ ಗುಪ್ತಚರರ ಕೇಂದ್ರವಾಗಿದ್ದ ಪ್ಯಾರಿಸ್ಸಿನ 84ನೇ ಸಂಖ್ಯೆಯ ಅವೆನ್ಯೂ ಫೋಶ್ ಕಟ್ಟಡಕ್ಕೆ ಆಕೆಯನ್ನು ಒಯ್ದರು. ಬಂದ ದಿನವೇ ಸ್ನಾನಗೃಹದ ಕಿಟಕಿಯಿಂದ ತಪ್ಪಿಸಿಕೊಳ್ಳಲು ಯತ್ನಿಸಿ ಸಿಕ್ಕಿಬಿದ್ದಳು. ನವೆಂಬರ್ 25ರಂದು ಇನ್ನಿಬ್ಬರು ಕೈದಿಗಳೊಡನೆ ಛಾವಣಿಯ ಮೇಲೇರಿದಳು. ಅದೇ ವೇಳೆಗೆ ವಾಯುದಾಳಿಯ ಎಚ್ಚರಿಕೆ ಮೊಳಗಿ, ಕಾವಲುಗಾರರು ಕೋಣೆಗಳನ್ನು ಪರಿಶೀಲಿಸಿದ್ದರಿಂದ ಮತ್ತೆ ಸೆರೆಯಾದಳು. ವಿಚಾರಣೆಯಲ್ಲಿ ಆಕೆ ಏನನ್ನೂ ಬಿಟ್ಟುಕೊಡಲಿಲ್ಲವೆಂದು ಅಲ್ಲಿನ ಮುಖ್ಯಸ್ಥ ಹಾನ್ಸ್ ಕೀಫರ್ ಯುದ್ಧಾನಂತರ ತನಿಖಾಧಿಕಾರಿಗಳ ಮುಂದೆ ಒಪ್ಪಿಕೊಂಡ.

ಆದರೆ ಆಕೆ ಬಾಯಿಬಿಡದಿದ್ದುದನ್ನು ಆಕೆಯ ನೋಟ್‌ಬುಕ್ ಹೇಳಿತು. ಕಳುಹಿಸಿದ, ಪಡೆದ ಸಂದೇಶಗಳನ್ನೆಲ್ಲ ಶಾಲಾ ಮಕ್ಕಳ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಳು. ಮೇಲಿನವರ ಆದೇಶವೊಂದನ್ನು ಆಕೆ ಹಾಗೆ ಅರ್ಥೈಸಿಕೊಂಡಿದ್ದಿರಬೇಕೆಂಬುದು ಚರಿತ್ರಕಾರರ ಅಭಿಪ್ರಾಯ. ಅದರ ನೆರವಿನಿಂದ ಜರ್ಮನ್ನರು ಆಕೆಯ ಹೆಸರಿನಲ್ಲೇ ಲಂಡನ್ನಿಗೆ ಸಂದೇಶ ಕಳುಹಿಸತೊಡಗಿದರು. ಅನುಮಾನಕ್ಕೆ ಆಸ್ಪದವಿದ್ದರೂ ಲಂಡನ್ ಅಧಿಕಾರಿಗಳು ಅವನ್ನು ನಂಬಿದರು. 1944ರ ಫೆಬ್ರುವರಿ ಕೊನೆಯಲ್ಲಿ ಶಾರ್ತ್ರ್ ನಗರದ ಸಮೀಪದ ಹೊಲದಲ್ಲಿ ಮೂವರು ಪ್ಯಾರಾಚೂಟ್‌ನಿಂದ ಇಳಿದಾಗ ಅವರನ್ನು ಎದುರುಗೊಂಡದ್ದು ಶತ್ರುಗಳೇ. ಅವರಲ್ಲೊಬ್ಬಳು ಮ್ಯಾಡಲೀನ್ ಡಾಮರ್‌ಮಾಂ ಎಂಬ ಫ್ರೆಂಚ್ ಯುವತಿ. ನೂರ್‌ಳ ಜೀವನಗಾಥೆ ಹೇಳುವಾಗ ಈ ಅಧ್ಯಾಯವನ್ನು ಮರೆಮಾಚುವುದು ಸಲ್ಲದು. ಆಕೆಯ ಧೈರ್ಯ ಎಷ್ಟು ನಿಜವೋ, ಅನನುಭವಿಯನ್ನು ಅವಸರದಲ್ಲಿ ಕಳುಹಿಸಿ, ಅನಂತರ ಎಚ್ಚರ ತಪ್ಪಿದವರ ಹೊಣೆಯೂ ಅಷ್ಟೇ ನಿಜ.

ನವೆಂಬರ್ ಕೊನೆಗೆ ನೂರ್‌ಳನ್ನು ಜರ್ಮನಿಯ ಫೋರ್ಟ್ಸ್‌ಹೈಮ್ ಸೆರೆಮನೆಗೆ ಸಾಗಿಸಲಾಯಿತು. ಕೈಕಾಲುಗಳಿಗೆ ಸಂಕೋಲೆ, ಒಂಟಿ ಕೋಣೆ. ಹೊರಜಗತ್ತಿಗೆ ಸುಳಿವೇ ಸಿಗದಂತೆ ಅಳಿಸಿಹಾಕಬೇಕಾದ ಕೈದಿಗಳ ಪಟ್ಟಿಯಲ್ಲಿ ಹೆಸರು. ಅಲ್ಲಿದ್ದ ಇತರ ಮಹಿಳಾ ಕೈದಿಗಳೊಡನೆ ಊಟದ ಪಾತ್ರೆಯ ಮೇಲೆ ಅಕ್ಷರ ಗೀಚಿ ಮಾತನಾಡಿದಳು. ತಾಯಿಯ ಕುಲನಾಮ ಸೇರಿಸಿ ನೋರಾ ಬೇಕರ್ ಎಂದು ತಿಳಿಸಿದಳು. ಹತ್ತು ತಿಂಗಳ ನಂತರ, 1944ರ ಸೆಪ್ಟೆಂಬರ್ 13ರ ಬೆಳಗ್ಗೆ, ಡಾಖಾವ್ ಶಿಬಿರದಲ್ಲಿ ನಾಲ್ವರು ಮಹಿಳೆಯರನ್ನು ಗುಂಡಿಟ್ಟು ಕೊಲ್ಲಲಾಯಿತು. ಒಬ್ಬಳು ನೂರ್. ಇನ್ನೊಬ್ಬಳು, ಆಕೆಯ ಹೆಸರಿನ ಹುಸಿ ಸಂದೇಶವನ್ನು ನಂಬಿದ ಲಂಡನ್ ಕಳುಹಿಸಿಕೊಟ್ಟ ಅದೇ ಡಾಮರ್‌ಮಾಂ. ಶವಗಳನ್ನು ಶಿಬಿರದಲ್ಲೇ ದಹಿಸಲಾಯಿತು.

ಕಲ್ಲುಗಳಲ್ಲಿ ಉಳಿದವಳು

ಯುದ್ಧ ಮುಗಿದ ಮೇಲೂ ಆಕೆಯ ಅಂತ್ಯ ಖಚಿತವಾಗಲಿಲ್ಲ. ಎಸ್‌ಒಇ ಅಧಿಕಾರಿ ವೆರಾ ಆಟ್ಕಿನ್ಸ್ ಕಾಣೆಯಾದವರ ಜಾಡು ಹಿಡಿದು ಜರ್ಮನಿಯನ್ನೆಲ್ಲ ಜಾಲಾಡಿದರು. ಅಲ್ಸಾಸಿನ ಗುಡ್ಡಗಾಡಿನ ನಾಟ್ಸ್‌ವೈಲರ್ ಶಿಬಿರದಲ್ಲಿ ಡಯಾನಾ ರೌಡೆನ್ ಜೊತೆಗೆ ಹತಳಾದ ಇನ್ನೊಬ್ಬ ಯುವತಿಯನ್ನೇ ನೂರ್ ಎಂದು ಮೊದಲು ಭಾವಿಸಲಾಗಿತ್ತು. ಫೋರ್ಟ್ಸ್‌ಹೈಮ್ ಸೆರೆಮನೆಯ ವಿವರಗಳು ಹೊರಬಂದ ಬಳಿಕವೇ ಸತ್ಯ ತಿಳಿಯಿತು. ಫ್ರಾನ್ಸ್ 1946ರಲ್ಲಿ ಕ್ರೊವಾ ದ ಗೆರ್ ಪದಕವನ್ನೂ, ಬ್ರಿಟನ್ 1949ರಲ್ಲಿ ಜಾರ್ಜ್ ಕ್ರಾಸ್ ಪದಕವನ್ನೂ ಮರಣೋತ್ತರವಾಗಿ ನೀಡಿ ಗೌರವಿಸಿದವು.

ಸಮಾಧಿ ಇಲ್ಲದವರ ಹೆಸರಿಗೆ ಇಂಗ್ಲೆಂಡಿನ ರನ್ನಿಮೀಡ್‌ನಲ್ಲಿ ಜಾಗವಿದೆ. ಅಲ್ಲಿನ ವಾಯುಪಡೆ ಸ್ಮಾರಕದಲ್ಲಿ ನೂರ್ ಇದ್ದಾಳೆ. ಲಂಡನ್ನಿನ ಗಾರ್ಡನ್ ಸ್ಕ್ವೇರ್ ಉದ್ಯಾನದಲ್ಲಿ 2012ರಲ್ಲಿ ಆಕೆಯ ಪ್ರತಿಮೆ ಸ್ಥಾಪನೆಯಾಯಿತು. ಸ್ಯುರೆನ್ನಿನ ಒಂದು ಶಾಲೆಗೆ 2013ರಲ್ಲಿ ಆಕೆಯ ಹೆಸರಿಡಲಾಯಿತು. ಮಕ್ಕಳಿಗೆ ಕಥೆ ಬರೆದವಳಿಗೆ ಇದಕ್ಕಿಂತ ಒಪ್ಪುವ ಗೌರವ ಮತ್ತಾವುದಿದ್ದೀತು?

ಆದರೂ ಆಕೆಯ ಕಥೆಯನ್ನು ಅರಿಯಬಯಸುವವರು ಗ್ರಾಮಾಂತರಕ್ಕೇ ಹೋಗಬೇಕು. ಆಂಜೆ ಬಳಿಯ ಹುಲ್ಲುಗಾವಲು, ಗ್ರಿನ್ಯೋಂ ಕೃಷಿ ಶಾಲೆ, ವಲಾಂಸೆಯ ಜೋಡಿ ಕಂಬಗಳು ಇವು ಒಂದೇ ದಾರಿಯ ಮೂರು ನಿಲ್ದಾಣಗಳು. ಸ್ಮಾರಕದ ಕಲ್ಲು ಸತ್ತವರ ಹೆಸರನ್ನು ಮಾತ್ರ ಹೇಳಬಲ್ಲದು. ಹಿಂದಿರುಗುವ ದಾರಿ ತೆರೆದಿದ್ದಾಗಲೂ ಸಹಚರರಿಗಾಗಿ ಉಳಿದುಕೊಂಡ ಆ 1943ರ ಬೇಸಿಗೆಯನ್ನು ಅದು ಹೇಳಲಾರದು. ವಲಾಂಸೆಯ ಆ ಪಟ್ಟಿಯ ಮುಂದೆ ನಿಲ್ಲುವ ಕನ್ನಡಿಗರಿಗೆ, ಅಲ್ಲಿರುವ ಒಂದು ಹೆಸರಿನ ಹಿಂದೆ ಕಾವೇರಿ ತೀರದ ನೆನಪೂ ಇದೆಯೆಂಬುದು ತಿಳಿದಿರಲಿ.