ಕದ್ದು ಕಲಿತ ಅಕ್ಷರ: ಫ್ರೆಡರಿಕ್ ಡಗ್ಲಸ್ ಅವರ ಜೀವನ

ಮಹಾಪುರುಷರ ಜೀವನಚರಿತ್ರೆಗಳು ಸಾಮಾನ್ಯವಾಗಿ ಜನ್ಮದಿನಾಂಕದಿಂದ ಆರಂಭವಾಗುತ್ತವೆ. ಫ್ರೆಡರಿಕ್ ಡಗ್ಲಸ್ ಅವರ ಚರಿತ್ರೆಗೆ ಆ ಅನುಕೂಲವಿಲ್ಲ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಗುಲಾಮ ತಾಯಿಯೊಬ್ಬಳ ಉದರದಲ್ಲಿ ಜನಿಸಿದ ಅವರಿಗೆ ತಾವು ಹುಟ್ಟಿದ ದಿನವು ಕೊನೆಯವರೆಗೂ ಖಚಿತವಾಗಿ ತಿಳಿಯಲಿಲ್ಲ. ಒಡೆಯನ ಲೆಕ್ಕದ ಪುಸ್ತಕದಲ್ಲಿ 1818ರ ಫೆಬ್ರವರಿ ಎಂಬ ನಮೂದು ಇದ್ದ ಸಂಗತಿಯು ಅವರು ತೀರಿಕೊಂಡ ಎಷ್ಟೋ ದಶಕಗಳ ಮೇಲೆ ಸಂಶೋಧಕರಿಂದ ಹೊರಬಿತ್ತು. ಒಡೆಯನ ಪಾಲಿಗೆ ಮಗುವಿನ ಜನನವೆಂದರೆ ಆಸ್ತಿಯಲ್ಲಾದ ವೃದ್ಧಿ. ಆದುದರಿಂದಲೇ ಅದು ಲೆಕ್ಕದ ಪುಸ್ತಕವನ್ನು ಸೇರಿತ್ತು.

ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ದೂರದೇಶದ ಒಬ್ಬರ ಚರಿತ್ರೆ ಏಕೆ ಎಂದು ವಾಚಕರು ಕೇಳಬಹುದು. ಈ ಶಾಲೆಯ ಪ್ರೌಢ ತರಗತಿಯಲ್ಲಿ ನಾವು ಹ್ಯಾರಿಯೆಟ್ ಬೀಚರ್ ಸ್ಟೋ ಅವರ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯ ಸಂಕ್ಷಿಪ್ತ ರೂಪವನ್ನು ಓದಿದ್ದೆವು. ಟಾಮನ ಸಾವಿಗೆ ಇಡೀ ತರಗತಿಯೇ ಮರುಗಿತ್ತು. ನನಗೆ ಮಾತ್ರ ಮರುಕದ ಜೊತೆಗೆ ಒಂದು ಪ್ರಶ್ನೆಯೂ ಉಳಿಯಿತು. ಆ ಪುಸ್ತಕವನ್ನು ಬರೆದವರು ಬಿಳಿಯ ಮಹಿಳೆ. ಹೊಡೆತ ತಿಂದವರಲ್ಲಿ ಒಬ್ಬರಾದರೂ ತಾವೇ ಲೇಖನಿ ಹಿಡಿಯಲಿಲ್ಲವೇ? ಮುಂದೆ ಕಾಲೇಜಿನ ಗ್ರಂಥಾಲಯದಲ್ಲಿ ಡಗ್ಲಸ್ ಅವರ ಆತ್ಮಕಥೆ ಕೈಗೆ ಬಂದಾಗ ಅದಕ್ಕೆ ಉತ್ತರ ದೊರೆಯಿತು. ಆ ಉತ್ತರವನ್ನು ಅದೇ ಶಾಲೆಯ ಸಂಚಿಕೆಯಲ್ಲಿ ಒಪ್ಪಿಸುವುದು ಉಚಿತವೆಂದು ಭಾವಿಸಿದ್ದೇನೆ.

ಫ್ರೆಡರಿಕ್‌ನ ತಾಯಿ ಹ್ಯಾರಿಯೆಟ್ ಬೇಯ್ಲಿ. ತಂದೆ ಯಾರೋ ಬಿಳಿಯನೆಂದು, ಬಹುಶಃ ಒಡೆಯನೇ ಎಂದು ಜನ ಆಡಿಕೊಳ್ಳುತ್ತಿದ್ದರು. ಶಿಶುವನ್ನು ಅಜ್ಜಿ ಬೆಟ್ಸಿಯ ಗುಡಿಸಲಲ್ಲಿ ಬಿಟ್ಟು ತಾಯಿಯನ್ನು ಹನ್ನೆರಡು ಮೈಲಿ ದೂರದ ಹೊಲದ ದುಡಿಮೆಗೆ ಕಳುಹಿಸಲಾಗಿತ್ತು. ಹಗಲೆಲ್ಲ ದುಡಿದು, ರಾತ್ರಿ ಅಷ್ಟು ದೂರ ನಡೆದು ಬಂದು, ಮಗನ ಪಕ್ಕದಲ್ಲಿ ಮಲಗಿದ್ದು, ಬೆಳಕು ಹರಿಯುವ ಮುನ್ನ ಆಕೆ ಹೊರಟುಹೋಗುತ್ತಿದ್ದಳು. ಇಂತಹ ಭೇಟಿಗಳು ನಾಲ್ಕೈದಕ್ಕಿಂತ ಹೆಚ್ಚಲ್ಲ. ಮಗನಿಗೆ ಸುಮಾರು ಏಳು ವರ್ಷವಾಗಿದ್ದಾಗ ಆಕೆ ತೀರಿಕೊಂಡಳು. ಆ ಸೀಮೆಯ ಗುಲಾಮರಲ್ಲಿ ಓದುಬಲ್ಲವಳು ತನ್ನ ತಾಯಿಯೊಬ್ಬಳೇ ಆಗಿದ್ದಳೆಂಬುದು ಅವನಿಗೆ ಬಹಳ ಕಾಲದ ಮೇಲೆ ತಿಳಿಯಿತು. ತನ್ನ ಅಕ್ಷರಪ್ರೀತಿಯು ಬಿಳಿಯ ತಂದೆಯಿಂದ ಬಂದುದಲ್ಲ, ಕಪ್ಪು ತಾಯಿಯಿಂದ ಬಂದುದೆಂದು ಅವನು ಮುಂದೆ ಹೆಮ್ಮೆಯಿಂದ ಬರೆದುಕೊಂಡನು. ಹೊಲದಾಳಾಗಿದ್ದ ಆಕೆಗೆ ಅಕ್ಷರ ಕಲಿಸಿದವರು ಯಾರೋ! ಆ ಕಥೆಯನ್ನು ಯಾವ ಲೆಕ್ಕದ ಪುಸ್ತಕವೂ ಬರೆದಿಡಲಿಲ್ಲ.

1826ರಲ್ಲಿ ಬಾಲಕನನ್ನು ಬಾಲ್ಟಿಮೋರ್ ನಗರಕ್ಕೆ, ಹ್ಯೂ ಆಲ್ಡ್ ಎಂಬುವನ ಮನೆಗೆ ಕಳುಹಿಸಿದರು. ಮನೆಯೊಡತಿ ಸೋಫಿಯಾ ಅದುವರೆಗೆ ಗುಲಾಮರನ್ನು ಇಟ್ಟುಕೊಂಡು ಅಭ್ಯಾಸವಿಲ್ಲದವಳು. ಹುಡುಗನು ಕೇಳಿದನೆಂದು ಅಕ್ಷರಮಾಲೆಯನ್ನೂ ಮೂರು ನಾಲ್ಕು ಅಕ್ಷರಗಳ ಪದಗಳನ್ನೂ ಸಂತೋಷದಿಂದಲೇ ಕಲಿಸಿದಳು. ವಿಷಯ ತಿಳಿದ ಗಂಡನು ಹುಡುಗನೆದುರಿಗೇ ಅದನ್ನು ನಿಲ್ಲಿಸಿದನು. ಓದು ಕಲಿತ ಆಳು ಆಳಾಗಿ ಉಳಿಯಲಾರನೆಂಬುದು ಅವನ ವಾದ. ಉತ್ತರ ಕೆರೊಲಿನಾದಂತಹ ರಾಜ್ಯಗಳಲ್ಲಿ ಗುಲಾಮರಿಗೆ ಓದುಬರಹ ಕಲಿಸುವುದನ್ನು ಕಾನೂನೇ ನಿಷೇಧಿಸಿತ್ತು. ಮೇರಿಲ್ಯಾಂಡಿನಲ್ಲಿ ಆ ಕೆಲಸವನ್ನು ರೂಢಿಯೇ ಮಾಡುತ್ತಿತ್ತು. ಒಡೆಯನು ಯಾವುದಕ್ಕೆ ಅಂಜುತ್ತಾನೋ ಅದೇ ತನಗೆ ಬೇಕಾದುದೆಂದು ಎಂಟರ ಹರೆಯದ ಹುಡುಗನು ಅಂದೇ ತಿಳಿದುಕೊಂಡನು. ಹೆಂಡತಿಯ ಪಾಠಕ್ಕಿಂತ ಗಂಡನ ನಿಷೇಧವೇ ದೊಡ್ಡ ಪಾಠವಾಯಿತು.

ಮುಂದಿನ ವಿದ್ಯಾಭ್ಯಾಸವೆಲ್ಲ ಬೀದಿಯಲ್ಲಿ. ಆ ಮನೆಯಲ್ಲಿ ರೊಟ್ಟಿಗೆ ಕೊರತೆಯಿರಲಿಲ್ಲ. ನೆರೆಯ ಬಡ ಬಿಳಿಯ ಹುಡುಗರಿಗೆ ರೊಟ್ಟಿಯ ತುಂಡುಗಳನ್ನು ಕೊಟ್ಟು, ಅದಕ್ಕೆ ಪ್ರತಿಯಾಗಿ ಪಾಠ ಹೇಳಿಸಿಕೊಂಡನು. ಹಡಗು ಕಟ್ಟುವ ಕಾರ್ಖಾನೆಯಲ್ಲಿ ಬಡಗಿಗಳು ಮರದ ತುಂಡುಗಳ ಮೇಲೆ, ಅವು ಹಡಗಿನ ಎಡಕ್ಕೋ ಬಲಕ್ಕೋ ಎಂದು ಗುರುತಿಸಲು ಬರೆಯುತ್ತಿದ್ದ ಅಕ್ಷರಗಳನ್ನು ನೋಡಿ ಬರವಣಿಗೆ ಆರಂಭಿಸಿದನು. ಗೋಡೆ, ಬೇಲಿ, ಕಲ್ಲುಹಾಸುಗಳೇ ಪಾಟಿ. ಸೀಮೆಸುಣ್ಣದ ತುಂಡೇ ಬಳಪ. ಒಡೆಯನ ಮಗನು ಬರೆದು ಮುಗಿಸಿದ ಕಾಪಿ ಪುಸ್ತಕಗಳಲ್ಲಿ ಸಾಲುಗಳ ನಡುವೆ ಉಳಿದ ಜಾಗದಲ್ಲಿ ಅದೇ ಅಕ್ಷರಗಳನ್ನು ತಿದ್ದಿದನು. ಹನ್ನೆರಡರ ಸುಮಾರಿಗೆ, ಬೂಟು ಒರೆಸಿ ಕೂಡಿಟ್ಟ ಐವತ್ತು ಸೆಂಟುಗಳನ್ನು ಕೊಟ್ಟು ‘ದಿ ಕೊಲಂಬಿಯನ್ ಒರೇಟರ್’ ಎಂಬ ಭಾಷಣ ಸಂಕಲನವನ್ನು ಕೊಂಡನು. ಅದರಲ್ಲಿ ಒಡೆಯನಿಗೂ ಗುಲಾಮನಿಗೂ ನಡೆಯುವ ಒಂದು ಸಂವಾದವಿದೆ. ಗುಲಾಮನು ತರ್ಕದಿಂದಲೇ ಗೆದ್ದು ಬಿಡುಗಡೆ ಪಡೆಯುತ್ತಾನೆ. ಶಾಲೆಯ ಮಕ್ಕಳಿಗೆಂದು ಅಚ್ಚಾದ ಪುಸ್ತಕವದು. ಅದನ್ನು ಕಂಠಪಾಠ ಮಾಡಿದ ಸಾವಿರಾರು ಬಿಳಿಯ ಮಕ್ಕಳಿಗೆ ಆ ಸಂವಾದವು ಏನನ್ನು ಹೇಳಿತೋ ನಾನು ಊಹಿಸಲಾರೆ.

ಓದಿನಿಂದ ಸುಖ ಬಂದಿತೆಂದು ಮಾತ್ರ ಅವನು ಬರೆದಿಲ್ಲ. ತನ್ನ ಸ್ಥಿತಿಯನ್ನು ಅರಿತ ಮೇಲೆ ಬಿಡುಗಡೆಯ ದಾರಿ ಕಾಣದೆ, ಏನೂ ಅರಿಯದ ಜೊತೆಯವರನ್ನು ಕಂಡು ಅಸೂಯೆಪಟ್ಟ ದಿನಗಳೂ ಇದ್ದವು. ವಿದ್ಯೆಯನ್ನು ಕೊಂಡಾಡುವ ನಮ್ಮ ಭಾಷಣಗಳಲ್ಲಿ ಈ ಸತ್ಯ ಸಾಮಾನ್ಯವಾಗಿ ಬರುವುದಿಲ್ಲ.

1833ರಲ್ಲಿ ಅವನನ್ನು ಪುನಃ ಹಳ್ಳಿಗೆ ಕರೆಸಿಕೊಂಡರು. ಅಲ್ಲಿ ಅವನು ಸಹಾಯಕನಾಗಿದ್ದ ಭಾನುವಾರದ ಪಾಠಶಾಲೆಯನ್ನು ಬಿಳಿಯರು ದೊಣ್ಣೆಗಳೊಡನೆ ಬಂದು ಚದುರಿಸಿದರು. ಮರುವರ್ಷ, ಗುಲಾಮರ ಸೊಕ್ಕು ಮುರಿಯುವುದರಲ್ಲಿ ಹೆಸರಾಗಿದ್ದ ಎಡ್ವರ್ಡ್ ಕೋವಿ ಎಂಬುವನಿಗೆ ಅವನನ್ನು ಒಪ್ಪಿಸಲಾಯಿತು. ಆರು ತಿಂಗಳು ಚಾವಟಿಯ ಏಟು ತಪ್ಪಿದ ವಾರವಿರಲಿಲ್ಲ. ಕೊನೆಗೆ ಆಗಸ್ಟ್ ತಿಂಗಳ ಒಂದು ಬೆಳಗ್ಗೆ ಹದಿನಾರರ ತರುಣನು ಕೋವಿಯ ಕುತ್ತಿಗೆಗೆ ಕೈಹಾಕಿದನು. ಸುಮಾರು ಎರಡು ಗಂಟೆ ಸೆಣಸಾಟ ನಡೆಯಿತು. ಅಂದಿನಿಂದ ಕೋವಿ ಅವನನ್ನು ಮುಟ್ಟಲಿಲ್ಲ. ಇನ್ನೊಬ್ಬ ಒಡೆಯನಲ್ಲಿಗೆ ಹೋದ ಮೇಲೆ ಅವನು ಗುಟ್ಟಾಗಿ ಮತ್ತೊಂದು ಪಾಠಶಾಲೆ ನಡೆಸಿದನು. ಒಂದು ಹಂತದಲ್ಲಿ ನಲವತ್ತಕ್ಕೂ ಮಿಕ್ಕಿ ವಿದ್ಯಾರ್ಥಿಗಳು ಕೂಡಿದ್ದರು. ಸಿಕ್ಕಿಬಿದ್ದರೆ ಬೆನ್ನಿನ ಮೇಲೆ ಮೂವತ್ತೊಂಬತ್ತು ಏಟುಗಳೆಂದು ಅವರೆಲ್ಲರಿಗೂ ಗೊತ್ತಿತ್ತು. ನನ್ನ ದೃಷ್ಟಿಯಲ್ಲಿ ಕೋವಿಯೊಡನೆ ನಡೆದ ಹೋರಾಟಕ್ಕಿಂತ ಈ ಶಾಲೆಯೇ ದೊಡ್ಡ ಸಾಹಸ.

1836ರ ಪಲಾಯನದ ಪ್ರಯತ್ನ ಬಯಲಾಗಿ ಸೆರೆವಾಸವಾಯಿತು. ಅನಂತರ ಬಾಲ್ಟಿಮೋರಿನಲ್ಲಿ ಹಡಗಿನ ಹಲಗೆಗಳ ಸಂದು ತುಂಬುವ ಕಸುಬು ಕಲಿತು, ಗಳಿಸಿದ ಕೂಲಿಯನ್ನೆಲ್ಲ ವಾರವಾರವೂ ಒಡೆಯನ ಕೈಗಿಡಬೇಕಾಯಿತು. ಆರು ಡಾಲರ್ ತಂದಿಟ್ಟ ದಿನ ಒಡೆಯನು ಆರು ಸೆಂಟುಗಳನ್ನು ಇನಾಮಾಗಿ ಕೊಟ್ಟದ್ದೂ ಉಂಟು. 1838ರ ಸೆಪ್ಟೆಂಬರ್ 3ರಂದು ನಾವಿಕನ ಉಡುಪು ಧರಿಸಿ, ಸ್ವತಂತ್ರ ನಾವಿಕನೊಬ್ಬನ ಕಾಗದಪತ್ರಗಳನ್ನು ಎರವಲು ಪಡೆದು ರೈಲು ಹತ್ತಿ, ಒಂದು ದಿನದೊಳಗೆ ನ್ಯೂಯಾರ್ಕ್ ಸೇರಿದನು. ವೆಚ್ಚಕ್ಕೆ ನೆರವಾದವಳು ಆನಾ ಮರೆ ಎಂಬ ಸ್ವತಂತ್ರ ಕಪ್ಪು ತರುಣಿ. ಕೆಲವೇ ದಿನಗಳಲ್ಲಿ ಅವರ ವಿವಾಹವಾಯಿತು. ನ್ಯೂ ಬೆಡ್‌ಫರ್ಡಿನಲ್ಲಿ ಆಶ್ರಯವಿತ್ತ ಸ್ನೇಹಿತರು ಸರ್ ವಾಲ್ಟರ್ ಸ್ಕಾಟನ ‘ದಿ ಲೇಡಿ ಆಫ್ ದಿ ಲೇಕ್’ ಕಾವ್ಯದಿಂದ ಡಗ್ಲಸ್ ಎಂಬ ಹೆಸರನ್ನು ಸೂಚಿಸಿದರು. ಒಡೆಯನ ಲೆಕ್ಕದಿಂದ ಹೊರಬಂದವರಿಗೆ ಕಾವ್ಯವೊಂದರಿಂದ ಹೆಸರು ಬಂತು.

1841ರಿಂದ ಡಗ್ಲಸ್ ಅವರು ಗುಲಾಮಗಿರಿ ವಿರೋಧಿ ಸಭೆಗಳಲ್ಲಿ ಭಾಷಣ ಮಾಡತೊಡಗಿದರು. ಅವರ ಇಂಗ್ಲಿಷ್ ಎಷ್ಟು ಸೊಗಸಾಗಿತ್ತೆಂದರೆ ಇವರು ಗುಲಾಮರಾಗಿದ್ದುದೇ ಸುಳ್ಳೆಂದು ಜನ ಸಂಶಯಿಸಿದರು. ಆ ಸಂಶಯಕ್ಕೆ ಉತ್ತರವಾಗಿ ಒಡೆಯರ ಹೆಸರು, ಊರು, ಏಟುಗಳ ವಿವರಗಳೊಡನೆ 1845ರಲ್ಲಿ ಅವರ ಮೊದಲ ಆತ್ಮಕಥೆ ಪ್ರಕಟವಾಯಿತು. ಓಡಿಬಂದ ಗುಲಾಮನು ತನ್ನ ಗುರುತನ್ನು ತಾನೇ ಹೊರಗೆಡಹಿದಂತಾಯಿತು. ಓಡಿಬಂದ ಬಗೆಯನ್ನು ಮಾತ್ರ ಅವರು ಅಲ್ಲಿ ಬರೆಯಲಿಲ್ಲ, ಹಿಂದೆ ಉಳಿದವರ ದಾರಿ ಮುಚ್ಚಬಾರದೆಂದು. ಹಿಡಿಯುವವರಿಂದ ತಪ್ಪಿಸಿಕೊಳ್ಳಲು ಐರ್ಲೆಂಡ್, ಇಂಗ್ಲೆಂಡುಗಳಿಗೆ ಹೋದರು. ಅಲ್ಲಿನ ಮಿತ್ರರು ಹಣ ಕೂಡಿಸಿ, 1846ರಲ್ಲಿ 150 ಪೌಂಡುಗಳನ್ನು ತೆತ್ತು ಅವರನ್ನು ಬಿಡಿಸಿದರು. ಮನುಷ್ಯನಿಗೆ ಬೆಲೆ ಕಟ್ಟುವುದನ್ನು ಒಪ್ಪಿದಂತಾಯಿತೆಂದು ಕೆಲವು ಸಹಚರರು ಆಕ್ಷೇಪಿಸಿದರು. ಆಕ್ಷೇಪಿಸಿದವರ ಬೆನ್ನ ಮೇಲೆ ಚಾವಟಿಯ ಗುರುತುಗಳಿರಲಿಲ್ಲ.

1847ರಲ್ಲಿ ರಾಚೆಸ್ಟರ್ ನಗರದಿಂದ ‘ನಾರ್ತ್ ಸ್ಟಾರ್’ ಪತ್ರಿಕೆಯನ್ನು ಆರಂಭಿಸಿದರು. ಅದೇ ಊರಿನಲ್ಲಿ ಮಗಳು ರೊಸೆಟ್ಟಾಳನ್ನು ಖಾಸಗಿ ಶಾಲೆಯೊಂದು ಸೇರಿಸಿಕೊಂಡು, ಬಣ್ಣದ ಕಾರಣಕ್ಕೆ ಪ್ರತ್ಯೇಕ ಕೋಣೆಯಲ್ಲಿ ಕೂರಿಸಿತು. ತಂದೆಯು ಮಗಳನ್ನು ಬಿಡಿಸಿಕೊಂಡು, ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದು ಹೋರಾಡಿದರು. 1857ರಲ್ಲಿ ರಾಚೆಸ್ಟರಿನ ಸಾರ್ವಜನಿಕ ಶಾಲೆಗಳು ಎಲ್ಲ ಮಕ್ಕಳಿಗೂ ಒಂದಾಗಿ ತೆರೆದವು.

ಸ್ಟೋ ಅವರು ತಮ್ಮ ಕಾದಂಬರಿಯನ್ನು ಬರೆಯುತ್ತಿದ್ದಾಗ, 1851ರಲ್ಲಿ, ಹತ್ತಿ ತೋಟಗಳ ಮಾಹಿತಿ ಕೋರಿ ಡಗ್ಲಸ್ ಅವರಿಗೆ ಪತ್ರ ಬರೆದಿದ್ದರು. 1852ರಲ್ಲಿ ಪುಸ್ತಕವು ಪ್ರಕಟವಾಗಿ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಮೂರು ಲಕ್ಷ ಪ್ರತಿಗಳು ಮಾರಾಟವಾದವು. ಡಗ್ಲಸ್ ಅವರು ಅದನ್ನು ಮೆಚ್ಚಿ ಬರೆದರು. ಆದರೆ ಕಥೆಯ ಕೊನೆಯಲ್ಲಿ ಜಾರ್ಜ್ ಹ್ಯಾರಿಸ್ ಆಫ್ರಿಕದ ಲೈಬೀರಿಯಕ್ಕೆ ಹೊರಡುತ್ತಾನೆ. ಕಪ್ಪು ಜನರು ಅಮೆರಿಕದವರೇ, ಅಲ್ಲಿಯೇ ಉಳಿಯುವವರು ಎಂಬ ತಮ್ಮ ನಿಲುವನ್ನು ಡಗ್ಲಸ್ 1853ರ ಪತ್ರವೊಂದರಲ್ಲಿ ಸ್ಟೋ ಅವರಿಗೆ ಸ್ಪಷ್ಟಪಡಿಸಿದರು. ತಮ್ಮವರಿಗೆ ಕೈಕಸುಬು ಕಲಿಸುವ ವಿದ್ಯಾಲಯ ಬೇಕೆಂದೂ ಕೇಳಿದರು. ಸ್ಟೋ ಅವರ ಪುಸ್ತಕದಲ್ಲಿ ಕಣ್ಣೀರಿದೆ, ಡಗ್ಲಸ್ ಅವರದರಲ್ಲಿ ಲೆಕ್ಕವಿದೆ. ತರಗತಿಯಲ್ಲಿ ಎರಡನ್ನೂ ಜೊತೆಯಾಗಿ ಓದಿಸಬೇಕೆಂದು ನನ್ನ ಅಭಿಪ್ರಾಯ.

ಅಂತರ್ಯುದ್ಧ ಒದಗಿದಾಗ ಅವರ ಇಬ್ಬರು ಮಕ್ಕಳು ಮ್ಯಾಸಚೂಸೆಟ್ಸಿನ 54ನೆಯ ದಳವನ್ನು ಸೇರಿದರು. 1863ರಲ್ಲಿ ಅಧ್ಯಕ್ಷ ಲಿಂಕನ್ನರನ್ನು ಕಂಡು ಕಪ್ಪು ಸೈನಿಕರಿಗೆ ಸಮಾನ ವೇತನ ಬೇಕೆಂದು ವಾದಿಸಿದರು. 1865ರ ಡಿಸೆಂಬರಿನಲ್ಲಿ ಸಂವಿಧಾನದ 13ನೆಯ ತಿದ್ದುಪಡಿಯು ಗುಲಾಮಗಿರಿಯನ್ನು ಕೊನೆಗಾಣಿಸಿತು. ಈ ಸುದ್ದಿ ನಮ್ಮ ಸೀಮೆಗೂ ಮುಟ್ಟಿತೆಂಬುದಕ್ಕೆ ಸಾಕ್ಷಿಯಿದೆ. ಸೊಲ್ಲಾಪುರ, ಅಕ್ಕಲಕೋಟೆಗಳ ನಾವು ಕನ್ನಡದೊಡನೆ ಮರಾಠಿಯನ್ನೂ ಓದಿಕೊಂಡು ಬೆಳೆದವರು. ಮಹಾತ್ಮಾ ಜ್ಯೋತಿರಾವ್ ಫುಲೆಯವರು 1873ರ ತಮ್ಮ ‘ಗುಲಾಮಗಿರಿ’ ಗ್ರಂಥವನ್ನು, ಕಪ್ಪು ಜನರನ್ನು ದಾಸ್ಯದಿಂದ ಬಿಡಿಸಲು ಶ್ರಮಿಸಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದ್ದಾರೆ. ಅಕ್ಷರ ನಿಷೇಧದ ಮರ್ಮವನ್ನು ಪುಣೆಯಲ್ಲಿ ಕುಳಿತ ಫುಲೆಯವರಿಗೆ ಯಾರೂ ವಿವರಿಸಬೇಕಿರಲಿಲ್ಲ.

ಫುಲೆಯವರನ್ನು ನೆನೆದಾಗ ಡಗ್ಲಸ್ ಅವರ ಬಾಳಿನ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಜ್ಯೋತಿರಾವ್ ಅವರು ಪತ್ನಿ ಸಾವಿತ್ರಿಬಾಯಿಗೆ ಅಕ್ಷರ ಕಲಿಸಿದರು, ಆಕೆ ಶಿಕ್ಷಕಿಯಾದರು. ಐದು ಮಕ್ಕಳನ್ನು ಹೆತ್ತು, ಬೂಟು ಹೊಲಿದು ಸಂಸಾರ ನಡೆಸಿ, ಓಡಿಬಂದ ಗುಲಾಮರಿಗೆ ಮನೆಯಲ್ಲಿ ಆಶ್ರಯವಿತ್ತ ಆನಾ ಅವರಿಗೆ ಮಾತ್ರ 1882ರಲ್ಲಿ ಮರಣಿಸುವವರೆಗೂ ಓದು ಸರಿಯಾಗಿ ಕೈಹತ್ತಲಿಲ್ಲ. ಗಂಡನ ಪುಸ್ತಕಗಳನ್ನು ಆಕೆ ಬೇರೆಯವರ ಬಾಯಿಂದ ಕೇಳಬೇಕಾಯಿತು. ಆ ಪುಸ್ತಕಗಳಲ್ಲಿಯೂ ಆಕೆಗೆ ಸಿಕ್ಕ ಜಾಗ ಬಹಳ ಕಡಿಮೆ.

1884ರಲ್ಲಿ ಡಗ್ಲಸ್ ಅವರು ಹೆಲೆನ್ ಪಿಟ್ಸ್ ಎಂಬ ಬಿಳಿಯ ಮಹಿಳೆಯನ್ನು ವರಿಸಿದಾಗ ಎರಡೂ ಕಡೆಯ ಬಂಧುಗಳು ಮುನಿದರು. 1889ರಿಂದ 1891ರವರೆಗೆ ಹೈಟಿ ದೇಶದಲ್ಲಿ ಅಮೆರಿಕದ ಪ್ರತಿನಿಧಿಯಾಗಿದ್ದರು. ದಕ್ಷಿಣದಲ್ಲಿ ಬಿಳಿಯ ಗುಂಪುಗಳು ಕಪ್ಪು ಜನರನ್ನು ಹಿಡಿದು ನೇಣು ಹಾಕುತ್ತಿದ್ದ ಆ ವರ್ಷಗಳಲ್ಲಿ, ಇಳಿವಯಸ್ಸಿನಲ್ಲಿಯೂ ಅದರ ವಿರುದ್ಧ ಊರೂರಿಗೆ ಹೋಗಿ ಮಾತನಾಡಿದರು. 1895ರ ಫೆಬ್ರವರಿ 20ರಂದು ವಾಷಿಂಗ್ಟನ್ನಿನಲ್ಲಿ ಮಹಿಳಾ ಹಕ್ಕುಗಳ ಸಭೆಯೊಂದಕ್ಕೆ ಹೋಗಿ ಬಂದು, ಅಲ್ಲಿ ನಡೆದುದನ್ನು ಪತ್ನಿಗೆ ವಿವರಿಸುತ್ತಿರುವಾಗಲೇ ಕುಸಿದು ಪ್ರಾಣಬಿಟ್ಟರು. ಅವರು ವಾಸವಾಗಿದ್ದ ಸೀಡರ್ ಹಿಲ್ ಎಂಬ ಮನೆಯನ್ನು ಈಗ ರಾಷ್ಟ್ರೀಯ ಸ್ಮಾರಕವಾಗಿ ಕಾಪಾಡಿಕೊಂಡಿದ್ದಾರೆ. ಅದರಲ್ಲಿ ಅವರ ಮೇಜು, ಕುರ್ಚಿಗಳೊಡನೆ ಗೋಡೆಗೆ ಹೊಂದಿಸಿದ ಕಪಾಟುಗಳ ತುಂಬ ಅವರ ಪುಸ್ತಕಗಳಿವೆ.