ಮುಮ್ಮಡಿ ಕೃಷ್ಣರಾಜ ಒಡೆಯರ್

ಮುಮ್ಮಡಿ ಕೃಷ್ಣರಾಜ ಒಡೆಯರ್ (ಜುಲೈ 14, 1794 – ಮಾರ್ಚ್ 27, 1868) ಮೈಸೂರು ಸಂಸ್ಥಾನದ ಅರಸರು, ಗ್ರಂಥಕರ್ತರು ಹಾಗೂ ಚದುರಂಗ ಪಂಡಿತರು. ಚದುರಂಗದ ಕುದುರೆಯ ನಡೆಯನ್ನು ಕುರಿತ ರಚನೆಗಳಿಂದ ಇವರು ಆ ಆಟದ ಚರಿತ್ರೆಯಲ್ಲಿ ಸ್ಥಾನ ಪಡೆದಿದ್ದಾರೆ.

ಬಾಲ್ಯ ಮತ್ತು ಆಳ್ವಿಕೆ

ಒಡೆಯರು ಶ್ರೀರಂಗಪಟ್ಟಣದಲ್ಲಿ ಜನಿಸಿದರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಬಳಿಕ ಬ್ರಿಟಿಷರು ಈ ಬಾಲಕನಿಗೆ ಜೂನ್ 30ರಂದು ಪಟ್ಟ ಕಟ್ಟಿದರು. ಆಗ ಇವರಿಗೆ ಐದು ವರ್ಷವೂ ತುಂಬಿರಲಿಲ್ಲ. ಕೋಲಾರ, ಮುಳಬಾಗಿಲು ಮೊದಲಾದ ಮೂಡಣ ಸೀಮೆಗಳೂ ಇವರ ಸಂಸ್ಥಾನಕ್ಕೆ ಸೇರಿದ್ದವು. ಇವರು ಪ್ರಾಯಕ್ಕೆ ಬರುವವರೆಗೆ ದಿವಾನ್ ಪೂರ್ಣಯ್ಯ ರಾಜ್ಯಭಾರ ನಡೆಸಿದರು. 1830ರಲ್ಲಿ ನಗರ ಪ್ರಾಂತ್ಯದ ರೈತರು ದಂಗೆಯೆದ್ದರು. ದುರಾಡಳಿತದ ಕಾರಣವೊಡ್ಡಿ 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಒಡೆಯರಿಗೆ ಅರಸರೆಂಬ ಪದವಿ, ಅರಮನೆ ಮತ್ತು ವಾರ್ಷಿಕ ವೇತನ ಮಾತ್ರ ಉಳಿದವು.

ಚದುರಂಗ ಮತ್ತು ಇತರ ಆಟಗಳು

ಆಡಳಿತ ಕೈತಪ್ಪಿದ ಮೇಲೆ ಒಡೆಯರು ವಿದ್ಯೆ, ಕಲೆ ಮತ್ತು ಆಟಗಳಲ್ಲಿ ಹೆಚ್ಚಾಗಿ ತೊಡಗಿದರು. ಚದುರಂಗದ 64 ಮನೆಗಳಲ್ಲಿ ಪ್ರತಿಯೊಂದನ್ನೂ ಕುದುರೆಯು ಒಮ್ಮೆ ಮಾತ್ರ ಮೆಟ್ಟುವಂತೆ ನಡೆಸುವುದು ಇವರಿಗೆ ಪ್ರಿಯವಾದ ಸಮಸ್ಯೆಯಾಗಿತ್ತು. ಭಾರತದಲ್ಲಿ ಈ ಸಮಸ್ಯೆ ಪ್ರಾಚೀನವಾದುದು. ಒಂಬತ್ತನೆಯ ಶತಮಾನದ ಆಲಂಕಾರಿಕ ರುದ್ರಟನು ಇದೇ ನಡೆಯನ್ನು ಆಧರಿಸಿದ ಚಿತ್ರಕಾವ್ಯವನ್ನು ಕಾವ್ಯಾಲಂಕಾರದಲ್ಲಿ ನಿರೂಪಿಸಿದ್ದಾನೆ. ಒಡೆಯರ ಹೆಸರಿನಲ್ಲಿ ಉಳಿದಿರುವ ಸುತ್ತೊಂದರಲ್ಲಿ, ಕುದುರೆ ಸಾಗಿದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕೆಗಳನ್ನಿಟ್ಟರೆ, ಪ್ರತಿ ಅಡ್ಡಸಾಲಿನ ಮತ್ತು ಪ್ರತಿ ಕಂಬಸಾಲಿನ ಮೊತ್ತ 260 ಆಗುತ್ತದೆ. ಯೂರೋಪಿನಲ್ಲಿ ಇಂತಹ ಮೊದಲ ಸುತ್ತು 1848ರಲ್ಲಿ ಪ್ರಕಟವಾಯಿತು.

ಇವರ ಆಶ್ರಯದಲ್ಲಿ ರಚಿತವಾದ ಶ್ರೀತತ್ತ್ವನಿಧಿಯು ಒಂಬತ್ತು ನಿಧಿಗಳುಳ್ಳ ಸಚಿತ್ರ ಗ್ರಂಥ. ಅದರ ಕೊನೆಯ ಭಾಗವಾದ ಕೌತುಕನಿಧಿಯು ಆಟಗಳಿಗೆ ಮೀಸಲಾಗಿದೆ. 36ರಿಂದ 360 ಎಲೆಗಳವರೆಗಿನ ಛದ ಗಂಜೀಫ ಆಟಗಳನ್ನು ಅಲ್ಲಿ ವಿವರಿಸಲಾಗಿದೆ. 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಹಾಸುಗಳನ್ನು ಚಿತ್ರಿಸಲಾಗಿದೆ.

ಕೊನೆಯ ವರ್ಷಗಳು

ರಾಜ್ಯವನ್ನು ಮರಳಿ ಪಡೆಯಲು ಒಡೆಯರು ದಶಕಗಳ ಕಾಲ ಬ್ರಿಟಿಷ್ ಸರ್ಕಾರಕ್ಕೆ ಮನವಿಗಳನ್ನು ಸಲ್ಲಿಸಿದರು. ಗಂಡು ವಾರಸುದಾರರಿಲ್ಲದ ಕಾರಣ ಸಂಸ್ಥಾನವೇ ಬ್ರಿಟಿಷರ ಪಾಲಾಗುವ ಸಂಭವವಿತ್ತು. ಆದುದರಿಂದ 1865ರಲ್ಲಿ ಇವರು ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದರು. 1867ರಲ್ಲಿ ಬ್ರಿಟಿಷ್ ಸರ್ಕಾರ ಆ ದತ್ತಕವನ್ನು ಮಾನ್ಯ ಮಾಡಿತು. ಮರುವರ್ಷ ಒಡೆಯರು ನಿಧನರಾದರು. ಇವರು ಬಯಸಿದ ಆಡಳಿತಾಧಿಕಾರವು 1881ರಲ್ಲಿ ದತ್ತುಪುತ್ರ ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಹಸ್ತಾಂತರವಾಯಿತು.