ಎಡಗೈಯ ಮೀಟು

ಅರ್ಜುನನಿಗೆ ಸವ್ಯಸಾಚಿ ಎಂಬ ಹೆಸರಿರುವುದು ಮಹಾಭಾರತವನ್ನು ಬಲ್ಲವರಿಗೆಲ್ಲ ತಿಳಿದ ವಿಷಯ. ಎಡಗೈಯಿಂದಲೂ ಬಾಣ ಬಿಡಬಲ್ಲವನು ಎಂದು ಅದರ ಅರ್ಥ. ವೀರನಿಗೆ ಅದು ಬಿರುದಾಯಿತು. ಆದರೆ ಮಗುವೊಂದು ಅದೇ ಎಡಗೈಯನ್ನು ಊಟದ ಎಲೆಗೆ ಚಾಚಿದರೆ ನಮ್ಮ ಮನೆಗಳಲ್ಲಿ ದೊರೆಯುವುದು ಬಿರುದಲ್ಲ, ಗದರಿಕೆ. ನಾನು ಹುಟ್ಟು ಎಡಚ. ಬಳಪವನ್ನು ಎಡಗೈಯಲ್ಲಿ ಹಿಡಿದಾಗಲೆಲ್ಲ ಬೆರಳ ಗೆಣ್ಣಿನ ಮೇಲೆ ಬಿದ್ದ ಪೆಟ್ಟುಗಳು ನನ್ನನ್ನು ಬಲಗೈಯವನನ್ನಾಗಿ ಮಾಡಿದುವು. ತರಗತಿಯ ಕರಿಹಲಗೆಯ ಮೇಲೆ ಬರೆಯುವಾಗ, ಈ ಅಕ್ಷರ ನನ್ನದಲ್ಲವೇನೋ ಎಂಬ ಭಾವ ಇಂದಿಗೂ ಒಮ್ಮೊಮ್ಮೆ ಸುಳಿದುಹೋಗುವುದುಂಟು. ಅಮೆರಿಕದ ಜಾನಪದ ಗಾಯಕಿ, ಗಿಟಾರ್ ವಾದಕಿ ಎಲಿಜಬೆತ್ ಕಾಟನ್ನಳ ಜೀವನವೃತ್ತಾಂತ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದಕ್ಕೆ ಈ ಹಳೆಯ ನೋವೂ ಒಂದು ಕಾರಣವಿರಬಹುದು.

ಆಕೆ ಹುಟ್ಟಿದುದು 1893ರ ಜನವರಿ 5ರಂದು, ನಾರ್ತ್ ಕ್ಯಾರೊಲಿನಾ ಸಂಸ್ಥಾನದ ಚಾಪೆಲ್ ಹಿಲ್ ಊರಿನ ಬಳಿ. ಮುಂದೆ ಕಾರ್ಬರೊ ಎಂದು ಹೆಸರಾದ ಪ್ರದೇಶದಲ್ಲಿ. ತಂದೆ ಜಾರ್ಜ್ ನೆವಿಲ್, ತಾಯಿ ಲೂಯಿಸಾ. ಐವರು ಮಕ್ಕಳಲ್ಲಿ ಈಕೆಯೇ ಕಿರಿಯಳು. ಕಪ್ಪು ಜನಾಂಗದ ಬಡ ಕುಟುಂಬ. ಗುಲಾಮಗಿರಿ ಕಾನೂನಿನ ಪುಟದಿಂದ ಅಳಿಸಿಹೋಗಿ ಮೂವತ್ತು ವರ್ಷ ಕಳೆದಿರಲಿಲ್ಲ. ಮನೆಯಲ್ಲಿ ಅವಳಿಗೆ ಮುದ್ದಿನ ಹೆಸರುಗಳಿದ್ದುವೇ ಹೊರತು ಬೇರೆ ಹೆಸರಿರಲಿಲ್ಲ. ಶಾಲೆಯ ಮೊದಲ ದಿನ ಹೆಸರೇನೆಂದು ಕೇಳಿದಾಗ, ಎಲಿಜಬೆತ್ ಎಂದು ತಾನೇ ತನಗೆ ನಾಮಕರಣ ಮಾಡಿಕೊಂಡಳು. ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುವ ಗುಣ ಅಲ್ಲಿಯೇ ಮೊಳೆತಂತೆ ತೋರುತ್ತದೆ.

ಅಣ್ಣನದೊಂದು ಬ್ಯಾಂಜೊ ಮನೆಯಲ್ಲಿತ್ತು. ಅಣ್ಣ ಕೆಲಸಕ್ಕೆ ಹೋದ ಮೇಲೆ ಅದನ್ನು ಕೈಗೆತ್ತಿಕೊಂಡು ಮೀಟುವುದು ಹುಡುಗಿಯ ಗುಟ್ಟಿನ ಆಟ. ಆದರೆ ಅವಳದು ಎಡಗೈ. ವಾದ್ಯವೋ ಬಲಗೈಯವರಿಗಾಗಿ ಕಟ್ಟಿದುದು. ತಂತಿಗಳನ್ನು ಬಿಚ್ಚಿ ತನಗೆ ಬೇಕಾದಂತೆ ಕಟ್ಟಿಕೊಳ್ಳೋಣವೆಂದರೆ ವಾದ್ಯ ಅವಳದಲ್ಲ. ಅವಳು ಮಾಡಿದುದು ಒಂದೇ ಉಪಾಯ: ಬ್ಯಾಂಜೊವನ್ನೇ ತಿರುಗಿಸಿ ಹಿಡಿದಳು. ಮುಂದೆ ಗಿಟಾರ್ ಬಂದಾಗಲೂ ಅದೇ ಅಭ್ಯಾಸ ನಿಂತಿತು.

ಗಿಟಾರ್ ಬಂದ ಬಗೆಯನ್ನೂ ಹೇಳಬೇಕು. ಇನ್ನೂ ಬಾಲ್ಯ ಕಳೆಯುವ ಮೊದಲೇ ಅವಳು ಶಾಲೆ ಬಿಟ್ಟು ಬಿಳಿಯರ ಮನೆಗೆಲಸಕ್ಕೆ ಸೇರಬೇಕಾಯಿತು. ಮೊದಲು ದೊರೆತ ಸಂಬಳ ತಿಂಗಳಿಗೆ 75 ಸೆಂಟ್. ಅದರಲ್ಲಿ ಕೂಡಿಟ್ಟು 3 ಡಾಲರ್ 75 ಸೆಂಟ್ ಕೊಟ್ಟು ಸ್ಟೆಲ್ಲಾ ಎಂಬ ಗಿಟಾರನ್ನು ಕೊಂಡಳು. ಆ ಸಂಬಳದ ಲೆಕ್ಕದಲ್ಲಿ ಅದು ಸರಿಯಾಗಿ ಐದು ತಿಂಗಳ ದುಡಿಮೆ.

ಅವಳ ವಾದನದ ವಿಶೇಷವನ್ನು ಸ್ವಲ್ಪ ಬಿಡಿಸಿ ನೋಡೋಣ. ಗಿಟಾರಿಗೆ ಆರು ತಂತಿಗಳು. ರೂಢಿಯಂತೆ ಹಿಡಿದಾಗ ದಪ್ಪನೆಯ ಮಂದ್ರದ ತಂತಿ ಮೇಲುಗಡೆ ವಾದಕನ ಮುಖದತ್ತ, ತೆಳ್ಳನೆಯ ತಾರದ ತಂತಿ ಕೆಳಗಡೆ ನೆಲದತ್ತ. ಬಲಗೈಯ ಹೆಬ್ಬೆರಳು ಮಂದ್ರದಲ್ಲಿ ಲಯವನ್ನು ಕಾಯುತ್ತಿರುವಾಗ ಉಳಿದ ಬೆರಳುಗಳು ತಾರದ ತಂತಿಗಳ ಮೇಲೆ ಹಾಡನ್ನು ನುಡಿಸುತ್ತವೆ. ತಂತಿಗಳನ್ನು ಬದಲಿಸದೆ ವಾದ್ಯವನ್ನು ಮಾತ್ರ ತಿರುಗಿಸಿದರೆ ಈ ಏರ್ಪಾಡೆಲ್ಲ ತಲೆಕೆಳಗು. ತೆಳು ತಂತಿ ಮೇಲೆ, ದಪ್ಪ ತಂತಿ ಕೆಳಗೆ. ಹೀಗಾಗಿ ಎಲಿಜಬೆತ್ ಲಯದ ಭಾರವನ್ನು ತೋರುಬೆರಳಿಗೆ ಒಪ್ಪಿಸಿ ಹಾಡನ್ನು ಹೆಬ್ಬೆರಳಿಗೆ ಬಿಟ್ಟುಕೊಟ್ಟಳು. ಇತರರಲ್ಲಿ ತಾಳ ಹಾಕುವ ಬೆರಳು ಇವಳಲ್ಲಿ ರಾಗ ಹಾಡಿತು. ಸ್ವರಸ್ಥಾನಗಳನ್ನು ಒತ್ತುವ ಬಲಗೈಗೂ ಅದೇ ಪಾಡು. ಬೇರೆಯವರ ಬೆರಳಿಟ್ಟ ಬಗೆಯನ್ನು ನೋಡಿ ಕಲಿಯುವಂತಿಲ್ಲ, ಪ್ರತಿಯೊಂದು ಸ್ವರಮೇಳಕ್ಕೂ ಬೆರಳುಗಳ ಹೊಸ ಜೋಡಣೆಯನ್ನು ತಾನೇ ಕಂಡುಕೊಳ್ಳಬೇಕು. ಗುರುವಿಲ್ಲದ ಹುಡುಗಿ ಅದನ್ನು ಕಂಡುಕೊಂಡಳು. ಇಂದು ಗಿಟಾರ್ ಕಲಿಯುವವರು ಆ ಕ್ರಮವನ್ನು ಆಕೆಯ ಹೆಸರಿನಿಂದಲೇ ಕರೆಯುತ್ತಾರೆ.

ಮನೆಯ ಬಳಿ ಹಾದುಹೋಗುತ್ತಿದ್ದ ಗೂಡ್ಸ್ ರೈಲಿನ ಸದ್ದನ್ನು ಕೇಳುತ್ತ ಬೆಳೆದ ಬಾಲೆ ಆ ರೈಲಿನ ಮೇಲೆಯೇ ಒಂದು ಹಾಡು ಕಟ್ಟಿದಳು. ಫ್ರೈಟ್ ಟ್ರೈನ್ ಎಂದು ಲೋಕಪ್ರಸಿದ್ಧವಾದ ಆ ಹಾಡು ಹನ್ನೆರಡರ ಆಸುಪಾಸಿನ ಹುಡುಗಿಯ ರಚನೆ ಎಂದರೆ ಆಶ್ಚರ್ಯವಾಗುತ್ತದೆ.

ಆ ಬಳಿಕ ಮೌನ. 1910ರಲ್ಲಿ ಫ್ರಾಂಕ್ ಕಾಟನ್ ಎಂಬಾತನೊಡನೆ ಮದುವೆಯಾಯಿತು. ಲಿಲ್ಲಿ ಎಂಬ ಮಗಳು ಹುಟ್ಟಿದಳು. ಲೌಕಿಕ ಗೀತೆಗಳು ದೇವರ ಸೇವೆಗೆ ಸಲ್ಲವೆಂದು ಚರ್ಚಿನ ಹಿರಿಯರು ತಿಳಿಹೇಳಿದರು. ಮನೆವಾರ್ತೆಯ ಭಾರವೂ ಕೂಡಿ ಗಿಟಾರ್ ಮೂಲೆ ಸೇರಿತು. ಮಗಳ ಮದುವೆಯಾದ ಮೇಲೆ ಗಂಡನಿಂದ ಬೇರೆಯಾಗಿ ಆಕೆ ವಾಷಿಂಗ್ಟನ್ ನಗರದಲ್ಲಿ ನೆಲೆಸಿದಳು. ದಶಕಗಳ ಕಾಲ ಆ ಬೆರಳುಗಳು ಪಾತ್ರೆ ತೊಳೆದುವು, ಅಡಿಗೆ ಮಾಡಿದುವು, ಬಟ್ಟೆಗೆ ಇಸ್ತ್ರಿ ಹಾಕಿದುವು. ಅವುಗಳಲ್ಲಿ ಸಂಗೀತವಿದ್ದುದು ಸುತ್ತಲಿನವರಾರಿಗೂ ತಿಳಿಯಲಿಲ್ಲ.

1940ರ ದಶಕದಲ್ಲಿ ಆಕೆ ಅಲ್ಲಿನ ದೊಡ್ಡದೊಂದು ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಒಂದು ದಿನ ಜನಸಂದಣಿಯಲ್ಲಿ ತಾಯಿಯಿಂದ ತಪ್ಪಿಸಿಕೊಂಡ ಬಾಲಕಿಯೊಬ್ಬಳನ್ನು ಕಂಡು ತಾಯಿಯ ಬಳಿಗೆ ಸೇರಿಸಿದಳು. ಬಾಲಕಿ ಪೆಗ್ಗಿ ಸೀಗರ್. ತಾಯಿ ರೂತ್ ಕ್ರಾಫರ್ಡ್ ಸೀಗರ್ ಹೆಸರಾಂತ ಸಂಗೀತ ರಚನಕಾರ್ತಿ. ತಂದೆ ಚಾರ್ಲ್ಸ್ ಸೀಗರ್ ಸಂಗೀತಶಾಸ್ತ್ರಜ್ಞ. ಈ ಪರಿಚಯದಿಂದ ಎಲಿಜಬೆತ್ ಅವರ ಮನೆಗೆಲಸಕ್ಕೆ ಸೇರಿದಳು. ಜನಪದಗೀತೆಗಳನ್ನು ಹಾಡುವ, ಬರೆದಿಡುವ ಮನೆಯದು. ಗೋಡೆಯ ಮೇಲೆ ಗಿಟಾರ್ ತೂಗುತ್ತಿತ್ತು. ಮನೆಯಲ್ಲಿ ಯಾರೂ ಇಲ್ಲವೆಂದು ಆಕೆ ಅದನ್ನಿಳಿಸಿ, ಬಾಲ್ಯದಲ್ಲಿ ಮಾಡಿದಂತೆಯೇ ತಿರುಗಿಸಿ ಹಿಡಿದು ಮೀಟತೊಡಗಿದಳು. ಮಕ್ಕಳು ಕಂಡರು. ಕದ್ದು ನುಡಿಸಿದ ಬ್ಯಾಂಜೊವಿನಿಂದ ತೊಡಗಿದ ಬಾಳು, ಕದ್ದು ನುಡಿಸಿದ ಗಿಟಾರಿನಿಂದ ಮರುಹುಟ್ಟು ಪಡೆಯಿತು.

ಪೆಗ್ಗಿ ದೊಡ್ಡವಳಾಗಿ ಇಂಗ್ಲೆಂಡಿಗೆ ಹೋದಾಗ ರೈಲಿನ ಹಾಡು ಅವಳ ಕಂಠದಲ್ಲಿ ಕಡಲು ದಾಟಿತು. ಅಲ್ಲಿ ಬೇರೊಬ್ಬರು ಅದನ್ನು ತಮ್ಮ ಹೆಸರಿನಲ್ಲಿ ದಾಖಲು ಮಾಡಿಸಿಕೊಂಡರು. 1957ರಲ್ಲಿ ಆ ಹಾಡಿನ ಧ್ವನಿಮುದ್ರಿಕೆ ಅಲ್ಲಿ ಜನಪ್ರಿಯವೂ ಆಯಿತು. ಕಟ್ಟಿದವಳು ಮಾತ್ರ ವಾಷಿಂಗ್ಟನ್ನಿನಲ್ಲಿ ಮನೆಗೆಲಸ ಮಾಡಿಕೊಂಡಿದ್ದಳು. ಸೀಗರ್ ಕುಟುಂಬದವರು ಪಟ್ಟುಹಿಡಿದುದರಿಂದ ಕೊನೆಗೆ ಕರ್ತೃತ್ವದಲ್ಲಿ ಆಕೆಯ ಹೆಸರೂ ಸೇರಿತು. ಪೆಗ್ಗಿಯ ಅಣ್ಣ ಮೈಕ್ ಸೀಗರ್ ಆಕೆಯ ಮನೆಗೇ ಹೋಗಿ ಧ್ವನಿಮುದ್ರಣ ಮಾಡಿದ. ಫೋಕ್‌ವೇಸ್ ಸಂಸ್ಥೆ 1958ರಲ್ಲಿ ಅದನ್ನು ಹೊರತಂದಿತು. 1960ರಲ್ಲಿ, ಅರವತ್ತೇಳರ ವಯಸ್ಸಿನಲ್ಲಿ, ಆಕೆ ಮೈಕ್‌ನೊಡನೆ ಮೊದಲ ಸಲ ಸಾರ್ವಜನಿಕ ವೇದಿಕೆಯನ್ನೇರಿದಳು.

ಅಲ್ಲಿಂದ ಮುಂದಿನದು ಕೀರ್ತಿಯ ಕಥೆ, ಬೇಗ ಮುಗಿಸಬಹುದು. ಕಛೇರಿಗಳಿಂದ ಬಂದ ಹಣದಲ್ಲಿ ಸಿರಕ್ಯೂಸ್ ನಗರದಲ್ಲಿ ಮನೆ ಕೊಂಡು ಮಗಳು ಮೊಮ್ಮಕ್ಕಳೊಡನೆ ನೆಲೆಸಿದಳು. 1984ರಲ್ಲಿ ರಾಷ್ಟ್ರೀಯ ಪರಂಪರಾ ಗೌರವ, 1985ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದುವು. 1987ರ ಜೂನ್ 29ರಂದು, ತೊಂಬತ್ತನಾಲ್ಕು ತುಂಬಿದ ಆಕೆ ಕಣ್ಮುಚ್ಚಿದಳು.

ನಮ್ಮ ಕರ್ನಾಟಕ ಸಂಗೀತದಲ್ಲಿಯೂ ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರು (1908–1962) ಎಡಗೈಯ ಮೃದಂಗ ವಿದ್ವಾಂಸರಾಗಿ ಮೊದಲ ಸಾಲಿನಲ್ಲಿ ನಿಂತವರು. ಮೃದಂಗ ತಿರುಗಿದರೆ ವೇದಿಕೆಯಲ್ಲಿ ಪಕ್ಕವಾದ್ಯದವರು ಕೂಡುವ ಜಾಗವೂ ತಿರುಗಬೇಕು. ಒಬ್ಬರ ಎಡಗೈಗಾಗಿ ಇತರರು ಸ್ವಲ್ಪ ಸರಿದು ಕೂಡಬೇಕಾಗುತ್ತದೆ. ಸರಿದು ಕೂಡುವ ಮನಸ್ಸು ಎಲ್ಲರಿಗೂ ಇರುವುದಿಲ್ಲ. ಕಾಟನ್ನಳಿಗಾದರೋ ಎಡಗೈಯನ್ನು ತಿದ್ದುವ ಗುರುವೇ ಇರಲಿಲ್ಲ. ಅದು ಆಕೆಯ ದೌರ್ಭಾಗ್ಯವೋ ಭಾಗ್ಯವೋ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ. ಒಳ್ಳೆಯ ಗುರುವೊಬ್ಬ ದೊರೆತಿದ್ದರೆ ಮೊದಲ ದಿನವೇ ಗಿಟಾರನ್ನು ನೆಟ್ಟಗೆ ಹಿಡಿಸುತ್ತಿದ್ದನಷ್ಟೆ! ನಾನೂ ಗುರುವಿನ ಪೀಠದಲ್ಲಿರುವವನಾದ್ದರಿಂದ ಈ ಯೋಚನೆ ನನ್ನನ್ನು ಚುಚ್ಚದೆ ಬಿಡುವುದಿಲ್ಲ.

ಕಳೆದ ವರ್ಷ ತಂದೆಯೊಬ್ಬರು ಕಾಲೇಜಿಗೆ ಬಂದು, ತಮ್ಮ ಮಗಳು ಎಡಗೈಯಲ್ಲಿ ಬರೆಯುತ್ತಾಳೆ, ಪರೀಕ್ಷೆಯೊಳಗಾಗಿ ಹೇಗಾದರೂ ಬಿಡಿಸಬೇಕು ಎಂದು ಕೇಳಿಕೊಂಡರು. ನಾನು ಅವರಿಗೆ ಈ ಮುದುಕಿಯ ಕಥೆಯನ್ನು ಹೇಳಿದೆ. ಅವರಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ. ಹುಡುಗಿ ಮಾತ್ರ ಈಗಲೂ ಎಡಗೈಯಲ್ಲಿಯೇ ಬರೆಯುತ್ತಾಳೆ. ಇಬ್ಬರು ಕೂಡುವ ಬೆಂಚಿನಲ್ಲಿ ಮೊಳಕೈ ತಗಲದಿರಲೆಂದು ಅವಳಿಗೆ ಎಡಗಡೆಯ ಕೊನೆಯ ಜಾಗವನ್ನು ಬಿಡಿಸಿಕೊಟ್ಟಿದ್ದೇನೆ.